ಮಧ್ಯಮಕ್ಕೆ ಬಿದ್ದ ಮತ

ನಾನು ಹಾಡುವ ಮಧ್ಯಮ, ಅಂದರೆ ಸರಿಗಮದ ಮ, ತಪ್ಪು ಎಂದು ನಾಲ್ಕು ಜನ ದೊಡ್ಡವರು ಕೈ ಎತ್ತಿ ತೀರ್ಮಾನಿಸಿದ್ದು ವಿರಾಜಪೇಟೆಯ ಒಂದು ಹೆಣ್ಣುಮಕ್ಕಳ ಶಾಲೆಯ ಆಫೀಸು ಕೋಣೆಯಲ್ಲಿ. ಆಗ ಕೊಡಗು ಒಂದು ರಾಜ್ಯವಾಗಿತ್ತು. ಜಿಲ್ಲೆಯಲ್ಲ, ರಾಜ್ಯ. ಬೆಳಗಿನ ಬಸ್ಸು ಹತ್ತಿ ಕೂತರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದುಹೋಗುವಷ್ಟು ರಾಜ್ಯ. ಆದರೂ ಅದಕ್ಕೊಂದು ವಿಧಾನಸಭೆ, ಮಂತ್ರಿಗಳು, ಮಂತ್ರಿಗಳ ಮನೆ ಮುಂದೆ ಕೊಡೆ ಹಿಡಿದು ಕಾಯುವ ಜನ, ಏನೂ ಕಡಿಮೆ ಇರಲಿಲ್ಲ.

ಚುನಾವಣೆ ಎಂಬುದು ಆಗತಾನೆ ಬಂದಿತ್ತು. ಮತ ಹಾಕುವ ರುಚಿ ಒಮ್ಮೆ ಹತ್ತಿದ ಮೇಲೆ ನಮ್ಮೂರಿನವರನ್ನು ಹಿಡಿಯುವವರೇ ಇರಲಿಲ್ಲ. ಭಜನೆ ಸೋಮವಾರವೋ ಶನಿವಾರವೋ ಎಂಬುದಕ್ಕೆ ಮತ. ಶಾಲೆಯ ಬಾವಿಗೆ ಹಗ್ಗವೋ ಸರಪಳಿಯೋ ಎಂಬುದಕ್ಕೆ ಮತ. ಕೊಡಗು ಮೈಸೂರಿಗೆ ಸೇರಬೇಕೋ ತನ್ನ ಪಾಡಿಗೆ ತಾನಿರಬೇಕೋ ಎಂದು ಕಾಫಿ ಹೋಟೆಲಿನಲ್ಲಿ ದಿನಾ ಮತ, ದಿನಕ್ಕೊಂದು ಫಲಿತಾಂಶ. ಇಂಥ ಊರು ಒಂದು ಸ್ವರವನ್ನು ಮತಕ್ಕೆ ಹಾಕಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆ ಸ್ವರ ನನ್ನದಾಗಿತ್ತು ಎಂಬುದಷ್ಟೇ ನನ್ನ ದೂರು.

ಅಪ್ಪ ಶನಿವಾರಸಂತೆ ಕಡೆಯವರು; ವಿರಾಜಪೇಟೆಗೆ ಬಂದು ದಿನಸಿ ಅಂಗಡಿ ಇಟ್ಟಿದ್ದರು. ಅವ್ವ ಬೇಗ ತೀರಿಕೊಂಡದ್ದರಿಂದ ನಾನು ಬೆಳೆದದ್ದು ಮೈಸೂರಿನಲ್ಲಿ, ಸೋದರಮಾವನ ಮನೆಯಲ್ಲಿ. ಅಲ್ಲಿ ಪಕ್ಕದ ಮನೆಯಲ್ಲೊಬ್ಬ ಅಜ್ಜಿ ಇದ್ದರು. ಬಾಯಲ್ಲಿ ಹಲ್ಲಿರಲಿಲ್ಲ, ಕೋಪ ಮಾತ್ರ ಮೂವತ್ತೆರಡೂ ಹಲ್ಲಿನದು. ತಂಬೂರಿ ಮುಂದೆ ಕೂರಿಸಿಕೊಂಡು ವರ್ಷಗಟ್ಟಲೆ ನನಗೆ ಹಾಡು ಕಲಿಸಿದವರು ಅವರೇ. ಅವರು ತೀರಿಹೋದಾಗ ಆ ತಂಬೂರಿ ನನಗೆ ಬಂತು. ಅದನ್ನು ಹಿಡಿದುಕೊಂಡು ನಾನು ವಿರಾಜಪೇಟೆಗೆ ಬಂದೆ. ಬರುವಷ್ಟರಲ್ಲಿ ನನಗೆ ಮದುವೆಯ ವಯಸ್ಸು ದಾಟಿದೆ ಎಂದು ಊರು ಲೆಕ್ಕ ಹಾಕಿ ಇಟ್ಟಿತ್ತು.

ವಯಸ್ಸು ದಾಟಿದವಳಿಗೆ ಎರಡನೇ ಸಂಬಂಧವೇ ಗತಿ ಎಂದು ಯಾರೋ ಸಂಪಾಜೆಯಿಂದ ಒಬ್ಬರನ್ನು ಕರೆತಂದರು. ಒಳ್ಳೆಯ ಮೆಣಸಿನ ತೋಟ, ಒಳ್ಳೆಯ ಮೀಸೆ, ತಾಯಿಯಿಲ್ಲದ ನಾಲ್ಕು ಮಕ್ಕಳು. ಬಂದವರು ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿ ಕೇಳಿದರು:

"ಹಾಲು ಕರೆಯೋಕೆ ಬರ್ತದಾ?"

"ಹಾಡೋಕೆ ಬರ್ತದೆ," ಎಂದರು ಅಪ್ಪ, ಸಂಕೋಚದಿಂದ.

"ಆಗಲಿ, ತೊಂದರೆಯಿಲ್ಲ. ಹಾಡಿದರೆ ಹಸು ಚೆನ್ನಾಗಿ ಹಾಲು ಬಿಡ್ತದಂತೆ."

ನನ್ನ ಸಂಗೀತಕ್ಕೆ ಕೊಡಗು ರಾಜ್ಯದಲ್ಲಿ ಸಿಕ್ಕ ಮೊದಲ ಮನ್ನಣೆ ಅದು. ಅವರು ಹೋದ ಮೇಲೆ ನಾನು ಅನ್ನ ಬಿಟ್ಟು ಕೂತೆ. ಅಪ್ಪ ಕೆಟ್ಟವರಲ್ಲ, ಹೆದರಿದವರು. ಎರಡು ದಿನ ಕಳೆದ ಮೇಲೆ ಹೇಳಿದರು: "ನೋಡವ್ವಾ, ಇಸ್ಕೂಲಲ್ಲಿ ಸಂಗೀತದ ಟೀಚರು ಬೇಕಂತೆ. ಆ ಕೆಲಸ ಸಿಕ್ತು ಅಂದ್ರೆ ನಾನು ಮದುವೆ ಮಾತು ಎತ್ತಾಕಿಲ್ಲ. ಸಿಗಲಿಲ್ಲ ಅಂದ್ರೆ ಕಾರ್ತೀಕ ಕಳೆದ ಮೇಲೆ ಸಂಪಾಜೆ ಕಣವ್ವಾ." ನನ್ನ ಮುಂದೆ ಇದ್ದದ್ದು ಇಷ್ಟೇ: ಒಂದು ಕಡೆ ಶಾಲೆ, ಇನ್ನೊಂದು ಕಡೆ ಹಸು.

ಆ ವರ್ಷ ಊರಿಗೆ ಎರಡು ಬಗೆಯ ಪೆಟ್ಟಿಗೆಗಳು ಬಂದಿದ್ದವು. ಒಂದು ಮತದ ಪೆಟ್ಟಿಗೆ. ಇನ್ನೊಂದು ಹಾರ್ಮೋನಿಯಂ, ಅದನ್ನೂ ನಮ್ಮಲ್ಲಿ ಪೆಟ್ಟಿಗೆ ಎಂದೇ ಕರೆಯುತ್ತಿದ್ದರು. ಎಸ್ಟೇಟಿನ ಸಾಹುಕಾರರೊಬ್ಬರು ಅದನ್ನು ಶಾಲೆಗೆ ದಾನ ಕೊಟ್ಟಿದ್ದರು. ಬಸ್ಸಿನ ಮೇಲಿನಿಂದ ಅದನ್ನು ಇಳಿಸುವಾಗ ಅರ್ಧ ಪೇಟೆ ಬಂದು ನಿಂತಿತ್ತು. ಆ ಪೆಟ್ಟಿಗೆ ಇದ್ದದ್ದರಿಂದಲೇ ಶಾಲೆಗೆ ಸಂಗೀತ ಬೇಕಾಯಿತು, ಸಂಗೀತ ಬೇಕಾದದ್ದರಿಂದ ಟೀಚರು ಬೇಕಾಯಿತು. ಹೀಗಾಗಿ ನಾನು ಪೆಟ್ಟಿಗೆಯ ಋಣದಲ್ಲಿಯೇ ಆ ಕೋಣೆಗೆ ಕಾಲಿಟ್ಟೆ.

ಒಳಗೆ ನಾಲ್ಕು ಜನ. ಅಧ್ಯಕ್ಷರು ಊರಿನ ದೊಡ್ಡ ವಕೀಲರು. ಅವರ ಬಲಕ್ಕೆ ದಾನ ಕೊಟ್ಟ ಸಾಹುಕಾರರು, ಎಡಕ್ಕೆ ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಸುಬೇದಾರರ ಕಾಲ ಬಳಿ ಅವರ ನಾಯಿ. ಪೆಟ್ಟಿಗೆಯ ಮುಂದೆ ಮಂಗಳೂರಿನ ಹೆಡ್‌ಮಿಸ್ಟ್ರೆಸ್ಸು. ಇಗರ್ಜಿಯಲ್ಲಿ ಬಾರಿಸಿ ಕೈ ಪಳಗಿದವರು. ಕಿಟಕಿಯಾಚೆ ಜಗಲಿಯಲ್ಲಿ ಅಪ್ಪನ ಕೊಡೆ ಕಾಣುತ್ತಿತ್ತು.

"ಯಾವ ರಾಗ ಹಾಡುತ್ತೀರಿ?" ಎಂದರು ವಕೀಲರು.

"ಕಲ್ಯಾಣಿ."

ಅವರು ಅದನ್ನು ಬರೆದುಕೊಂಡರು, ಸಾಕ್ಷಿಯ ಹೆಸರು ಬರೆದುಕೊಂಡ ಹಾಗೆ.

ಕಲ್ಯಾಣಿಯಲ್ಲಿ ಬರುವ ಮಧ್ಯಮಕ್ಕೆ ಪ್ರತಿ ಮಧ್ಯಮ ಎನ್ನುತ್ತಾರೆ. ಪಂಚಮದ ಹೊಸ್ತಿಲ ಹತ್ತಿರವೇ ನಿಂತಿರುವ ಸ್ವರ. ಅಜ್ಜಿ ಅದನ್ನು ಹುಡುಕುವುದನ್ನು ಕಲಿಸಿದ್ದು ಹೀಗೆ: ತಂಬೂರಿ ಮೀಟಿ ಸುಮ್ಮನೆ ಕಿವಿಗೊಟ್ಟರೆ ತಂತಿಯೊಳಗಿನಿಂದ ಒಂದು ಗಾಂಧಾರ, ಅಂದರೆ ಗ, ತಾನಾಗಿಯೇ ಕೇಳಿಸುತ್ತದೆ. ಸ ದಿಂದ ರಿ ಗೆ ಎಷ್ಟು ದೊಡ್ಡ ಹೆಜ್ಜೆಯೋ ಅಷ್ಟೇ ದೊಡ್ಡ ಹೆಜ್ಜೆಯನ್ನು ಆ ಗಾಂಧಾರದಿಂದ ಮೇಲಕ್ಕೆ ಇಡಬೇಕು. ಕಾಲಿಟ್ಟ ಜಾಗವೇ ಮ. ಸಿಕ್ಕಿದಾಗ ಎದೆಯ ಗೂಡೆಲ್ಲ ಗುಂಯ್ ಎನ್ನುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ. ನನಗೆ ಅದು ಸಿಕ್ಕಿದ ದಿನ ಅಜ್ಜಿ ಬೈಯಲಿಲ್ಲ. ಅಷ್ಟರಿಂದಲೇ ನನಗೆ ಗೊತ್ತಾಯಿತು.

ಹಾರ್ಮೋನಿಯಂನಲ್ಲಿ ಈ ಹುಡುಕಾಟವೇ ಇಲ್ಲ. ಒತ್ತುವ ಪಟ್ಟಿಗಳಿಗೆ ಮನೆ ಎನ್ನುತ್ತಾರೆ. ಕೆಳಗಿನ ಸ ದಿಂದ ಮೇಲಿನ ಸ ವರೆಗಿನ ದಾರಿಯನ್ನು ಹನ್ನೆರಡು ಸಮಪಾಲು ಮಾಡಿ ಮನೆ ಕಟ್ಟಿಬಿಟ್ಟಿದ್ದಾರೆ. ಅಣ್ಣತಮ್ಮಂದಿರು ಗದ್ದೆ ಪಾಲು ಮಾಡಿಕೊಂಡ ಹಾಗೆ, ತಕರಾರು ಯಾರಿಗೂ ಇಲ್ಲ, ಪೂರಾ ಸಮಾಧಾನವೂ ಯಾರಿಗೂ ಇಲ್ಲ. ಈ ಪಾಲಿನಲ್ಲಿ ಮ ನಟ್ಟನಡುವೆ ಬಂದು ಕೂತಿದೆ. ಕಿವಿಗೆ ಸಿಗುವ ಮ ನಟ್ಟನಡುವಿನದಲ್ಲ, ಕೂದಲೆಳೆಯಷ್ಟು ಕೆಳಗಿನದು.

ನಾನು ಸ ರಿ ಗ ಹಾಡಿ ಮ ದಲ್ಲಿ ನಿಂತೆ. ಹೆಡ್‌ಮಿಸ್ಟ್ರೆಸ್ಸೂ ಮ ದ ಕರಿಮನೆಯನ್ನು ಒತ್ತಿ ಹಿಡಿದರು. ಎರಡೂ ಸ್ವರ ಒಂದಕ್ಕೊಂದು ಉಜ್ಜಿ ಗರಗರ ಎನ್ನತೊಡಗಿದವು. ಮೇಜಿನ ಕೆಳಗಿದ್ದ ನಾಯಿ ತಲೆ ಎತ್ತಿತು, ನಮ್ಮಿಬ್ಬರನ್ನೂ ಒಮ್ಮೆ ನೋಡಿತು, ಎದ್ದು ಹೊರಗೆ ಹೋಯಿತು.

"ನೋಡಿ, ನಾಯಿಗೂ ಗೊತ್ತಾಯ್ತು," ಎಂದರು ಸಾಹುಕಾರರು.

ನಾಯಿ ಯಾರ ಮೇಲಿನ ಬೇಸರದಿಂದ ಎದ್ದುಹೋಯಿತು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಆದರೆ ಸಮಿತಿ ಅದರ ಸಾಕ್ಷ್ಯವನ್ನು ನನ್ನ ವಿರುದ್ಧವೇ ಸ್ವೀಕರಿಸಿತು.

"ಮ ಸ್ವಲ್ಪ ಕೆಳಗೆ ಬಂತು. ಏರಿಸಿ ಹಾಡಿ," ಎಂದರು ಹೆಡ್‌ಮಿಸ್ಟ್ರೆಸ್ಸು.

"ಇಲ್ಲ ಟೀಚರ್. ಪ್ರತಿ ಮಧ್ಯಮ ಇರಬೇಕಾದ್ದು ಅಲ್ಲೇ. ಪೆಟ್ಟಿಗೇದೇ ಮೇಲಿದೆ."

ಸಾಹುಕಾರರ ಮುಖ ಕೆಂಪಾಯಿತು. "ಅದು ಕಲ್ಕತ್ತಾ ಮಾಲು! ಅಲ್ಲಿಂದ ತರಿಸಿದ್ದು ಸುಳ್ಳು ಹೇಳ್ತದೆ, ಇವರ ಗಂಟಲು ನಿಜ ಹೇಳ್ತದೆ ಅಂತಲಾ?" ಆಮೇಲೆ ಏನೋ ಹೊಳೆದವರಂತೆ ಕೇಳಿದರು: "ಅಲ್ಲ, ಪ್ರತಿ ಅಂದ್ರೆ ಕಾಪಿ ತಾನೇ? ಪ್ರತಿ ಇಲ್ಲಿದ್ರೆ ಅಸಲು ಎಲ್ಲಿದೆ?"

"ಹಾಗಲ್ಲ ಸಾಹುಕಾರ್ರೇ. ಬೇರೆ ರಾಗಗಳಲ್ಲಿ ಬರೋದಕ್ಕೆ ಶುದ್ಧ ಮಧ್ಯಮ ಅಂತಾರೆ..."

"ನೋಡಿ ಮತ್ತೆ! ಶುದ್ಧದ್ದು ಇರುವಾಗ ನಮ್ಮ ಹೆಣ್ಣುಮಕ್ಕಳಿಗೆ ಕಾಪಿ ಯಾಕೆ ಕಲಿಸೋದು?"

ಅವೆರಡೂ ಬೇರೆ ಬೇರೆ ಸ್ವರ ಎಂದು ಹೇಳಹೊರಟೆ, ಅವರು ಆಗಲೇ ವಕೀಲರ ಕಡೆ ತಿರುಗಿದ್ದರು.

ವಕೀಲರು ಕನ್ನಡಕ ಏರಿಸಿಕೊಂಡು ಪೆಟ್ಟಿಗೆಯ ಬಳಿಗೆ ಬಂದರು. ನ್ಯಾಯಾಲಯದಲ್ಲಿ ಜಮೀನಿನ ಗಡಿ ಎಣಿಸಿ ಅಭ್ಯಾಸವಿದ್ದವರು. ಬೆರಳಿಟ್ಟು ಮನೆಗಳನ್ನು ಎಣಿಸಿದರು. "ಸ ಇಲ್ಲಿ, ಮೇಲಿನ ಸ ಇಲ್ಲಿ. ಮ ಇಲ್ಲಿ. ಇದರ ಕೆಳಗೆ ಐದು ಮನೆ, ಮೇಲೆ ಐದು ಮನೆ. ಮಧ್ಯಮ ಅಂದರೆ ಅರ್ಥವೇನು? ಮಧ್ಯದಲ್ಲಿ ಇರುವುದು. ಪೆಟ್ಟಿಗೆ ಹೇಳುತ್ತಿರುವುದೂ ಅದನ್ನೇ. ನೀವು ಹಾಡಿದ್ದು ಮಧ್ಯದಿಂದ ಕೆಳಗಿದೆ ಎಂದು ನೀವೇ ಒಪ್ಪಿದ್ದೀರಿ. ಮಧ್ಯದಲ್ಲಿ ಇಲ್ಲದ್ದು ಮಧ್ಯಮ ಹೇಗಾಗುತ್ತದೆ ತಾಯಿ?"

ಕೋಣೆಯಲ್ಲಿ ಎಲ್ಲರೂ ತಲೆದೂಗಿದರು. ಸಂಗೀತಕ್ಕೆ ತಲೆದೂಗಿದ್ದನ್ನು ನಾನು ಆ ದಿನ ಕಂಡದ್ದು ಅದೊಂದೇ ಸಲ. ಅಲ್ಲಿಯವರೆಗೆ ನನಗೆ ಬರೀ ಭಯವಿತ್ತು. ಆಗ ಮೈಯೆಲ್ಲ ಉರಿಯಿತು. ಹೆಸರು ನೋಡಿ ಸ್ವರದ ಜಾಗ ಹೇಳುವವರು ನಾಳೆ ಹತ್ತಿರದ ಮೂರ್ನಾಡು ಪೇಟೆಗೆ ಹೋಗಿ ಮೂರು ನಾಡು ಎಲ್ಲಿ ಎಂದು ಎಣಿಸಿಯಾರು ಎಂದು ನಾಲಗೆಯ ತುದಿಗೆ ಬಂದಿತ್ತು. ಕಿಟಕಿಯಾಚೆಯ ಕೊಡೆ ನೋಡಿ ನುಂಗಿಕೊಂಡೆ.

ಸುಬೇದಾರರು ಮಾತ್ರ ಮೆತ್ತಗೆ ಹೇಳಿದರು: "ನಮ್ಮ ವಾಲಗದವರು ಊದೋದೂ ಹೀಗೇ ಇರ್ತದಪ್ಪ. ಕೇಳೋಕೆ ಒಳ್ಳೇದೇ ಇತ್ತು." ನನಗೆ ಜೀವ ಬಂದ ಹಾಗಾಯಿತು. ಅವರು ಮುಂದುವರಿಸಿದರು: "ಆದ್ರೆ ನೋಡು ಮಗಾ, ಪರೇಡಿನಲ್ಲಿ ಒಬ್ಬನ ಸ್ಟೆಪ್ಪು ಸರಿ, ಉಳಿದ ಕಂಪನಿಯದ್ದೆಲ್ಲ ತಪ್ಪು ಅಂತ ಇರೋದಿಲ್ಲ."

ವಕೀಲರು ವಿಷಯವನ್ನು ಮತಕ್ಕೆ ಹಾಕಿದರು. ಪೆಟ್ಟಿಗೆಯ ಮಧ್ಯಮದ ಪರ ನಾಲ್ಕು ಕೈ ಎದ್ದವು. ನನ್ನ ಮಧ್ಯಮದ ಪರ ಯಾರು ಎಂದಾಗ ನಾನೇ ಕೈ ಎತ್ತಿದೆ. ಅಭ್ಯರ್ಥಿಗೆ ಮತದ ಹಕ್ಕಿಲ್ಲ ಎಂದರು. ಊರಿನ ಮೊದಲ ಅವಿರೋಧ ಆಯ್ಕೆ ಅದು. ಗೆದ್ದದ್ದು ಒಂದು ಕರಿಮನೆ.

ಅರ್ಜಿ ಹಾಕಿದ್ದವಳು ನಾನೊಬ್ಬಳೇ ಆದ್ದರಿಂದ ಕೆಲಸ ಕೊಡಲು ಅವರಿಗೆ ಅಭ್ಯಂತರವಿರಲಿಲ್ಲ. ಷರತ್ತು ಒಂದೇ: ಟೀಚರಮ್ಮನ ಸ್ವರ ಶಾಲೆಯ ಹಾರ್ಮೋನಿಯಂಗೆ ಅನುಗುಣವಾಗಿರತಕ್ಕದ್ದು. "ಒಪ್ಪದಿದ್ದರೆ ಬೇಜಾರಿಲ್ಲಮ್ಮ, ಆ ಗಂಟೆಯಲ್ಲಿ ಹೊಲಿಗೆ ಕಲಿಸುತ್ತೇವೆ," ಎಂದರು ವಕೀಲರು. ನಾನು ಒಪ್ಪಿದೆ. ಜಗಲಿಗೆ ಬಂದಾಗ ಅಪ್ಪ ನನ್ನ ಮುಖ ನೋಡಿ, "ಹೋಯ್ತಾ?" ಎಂದರು. "ಸಿಕ್ತು," ಎಂದೆ. ದಾರಿಯುದ್ದಕ್ಕೂ ಮಳೆ ನಿಂತಿದೆ ಎಂಬುದನ್ನು ಮರೆತು ಅಪ್ಪ ನನ್ನ ತಲೆಯ ಮೇಲೆ ಕೊಡೆ ಹಿಡಿದೇ ಬಂದರು.

ಒಪ್ಪಿದೆನೇ ಹೊರತು ಸೋಲಲಿಲ್ಲ ಎಂದು ನನ್ನ ಲೆಕ್ಕ. ಪ್ರತಿ ಮಧ್ಯಮವಿಲ್ಲದ ರಾಗಗಳಿಗೆ ನಮ್ಮಲ್ಲಿ ಬರಗಾಲವೇ? ಮೋಹನ ಕಲಿಸಿದೆ, ಶಂಕರಾಭರಣ ಕಲಿಸಿದೆ. ಶುದ್ಧ ಮಧ್ಯಮದ ವಿಷಯದಲ್ಲಿ ನನಗೂ ಪೆಟ್ಟಿಗೆಗೂ ಹೇಳಿಕೊಳ್ಳುವಂಥ ಜಗಳವಿರಲಿಲ್ಲ. ಗಾಂಧಾರದಲ್ಲಿ ಇತ್ತು, ಆದರೆ ಅದರ ಮೇಲೆ ಸಮಿತಿ ನಿರ್ಣಯ ಮಾಡಿರಲಿಲ್ಲ. ತುಸು ಜಾರಿಸಿ ತೇಲಿಸಿದರೆ ಸಾಕಾಗುತ್ತಿತ್ತು. ಕಲ್ಯಾಣಿಯ ಗೋಜಿಗೇ ಹೋಗಲಿಲ್ಲ. ನನ್ನ ಹುಡುಗಿಯರ ಪಾಲಿಗೆ ಆ ಸ್ವರವೇ ಹುಟ್ಟಿರಲಿಲ್ಲ. ಸಾಹುಕಾರರು ವಾರ್ಷಿಕೋತ್ಸವಕ್ಕೆ ಬಂದು, "ಎಲ್ಲ ಶುದ್ಧ, ಕಾಪಿಯೇ ಇಲ್ಲ," ಎಂದು ಹೆಮ್ಮೆಪಟ್ಟರು. ತಪ್ಪು ಮ ಕಲಿಸುವುದಕ್ಕಿಂತ ಕಲಿಸದಿರುವುದು ಮೇಲು, ನನ್ನದು ನನ್ನೊಳಗೆ ಭದ್ರವಾಗಿದೆ, ಕೇಳುವ ಕಿವಿ ಬಂದ ದಿನ ಹಾಡುತ್ತೇನೆ ಎಂದುಕೊಂಡಿದ್ದೆ. ನಮ್ಮ ಕಡೆ ಮಳೆಗಾಲದಲ್ಲಿ ಟ್ರಂಕಿನೊಳಗಿಟ್ಟ ರೇಷ್ಮೆ ಸೀರೆಗೆ ಏನಾಗುತ್ತದೆ ಎಂದು ಗೊತ್ತಿದ್ದೂ ಹಾಗೆ ನಂಬಿದ್ದೆ.

ಬೆಳಗಿನ ಪ್ರಾರ್ಥನೆ ಮಾತ್ರ ತಪ್ಪುತ್ತಿರಲಿಲ್ಲ. ಅದರ ಧಾಟಿ ಹೆಡ್‌ಮಿಸ್ಟ್ರೆಸ್ಸರು ಆರಿಸಿದ್ದು. ಅದರಲ್ಲಿ ಆ ಮನೆ ಬರುತ್ತಿತ್ತು, ಮತ್ತೆ ಮತ್ತೆ ಬರುತ್ತಿತ್ತು. ಮಕ್ಕಳು ಬಾಯಿಪಾಠದಲ್ಲಿ ಕಿರುಚುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ಬಾರಿಸುತ್ತಿದ್ದೆ. ಕೈ ತಾನೇ ಬಾರಿಸುವುದು, ಗಂಟಲಿಗೆ ಏನಾಗುತ್ತದೆ ಎಂಬ ಧೈರ್ಯ. ಸಂಜೆ ಮನೆಗೆ ಬಂದರೆ ದನಿ ಬಿದ್ದುಹೋಗಿರುತ್ತಿತ್ತು. ತಂಬೂರಿಯ ತಂತಿಗೆ ತುಕ್ಕು, ಬುರುಡೆಗೆ ಬೂಷ್ಟು. ರಜೆಯಲ್ಲಿ ಸರಿಮಾಡಿಸಿ ಕೂರೋಣ ಎಂದುಕೊಂಡ ರಜೆಗಳೆಲ್ಲ ಹಪ್ಪಳ ಒಣಗಿಸುವುದರಲ್ಲಿ ಕಳೆದವು.

ಹೀಗಿರುವಾಗ ಕೊಡಗು ಮೈಸೂರಿಗೆ ಸೇರಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ನಾವು ಜಿಲ್ಲೆಯಾಗಿದ್ದೆವು. ಸರಪಳಿಗೋ ಹಗ್ಗಕ್ಕೋ ಮತ ಹಾಕಿದವರ ಹತ್ತಿರ ಇದನ್ನು ಯಾರೂ ಬಂದು ಕೇಳಲಿಲ್ಲ ಎಂದು ಕಾಫಿ ಹೋಟೆಲಿನಲ್ಲಿ ಒಂದಿಷ್ಟು ದಿನ ಗದ್ದಲವಾಯಿತು. ಹಳೆಯ ರಾಜ್ಯದ ಟೀಚರುಗಳಲ್ಲಿ ಯಾರನ್ನು ಉಳಿಸಿಕೊಳ್ಳುವುದು, ಯಾರನ್ನು ಬಿಡುವುದು ಎಂದು ನೋಡಲು ಹೊಸ ಇನ್‌ಸ್ಪೆಕ್ಟರು ಬರುತ್ತಾರೆಂದು ಸುದ್ದಿ ಬಂತು. ಅಪ್ಪನಿಗೆ ಆಗಲೇ ಕೆಮ್ಮು ಹಿಡಿದಿತ್ತು, ಅಂಗಡಿ ಇಳಿಮುಖವಾಗಿತ್ತು. ಈಗ ಕೆಲಸ ಹೋದರೆ ಸಂಪಾಜೆಯೂ ಇರಲಿಲ್ಲ. ಅವರು ಎಂದೋ ಹಾಲು ಕರೆಯುವವಳೊಬ್ಬಳನ್ನು ಮದುವೆಯಾಗಿದ್ದರು.

ಸಂಗೀತ ಬಲ್ಲ ಇನ್‌ಸ್ಪೆಕ್ಟರಂತೆ ಎಂದು ಕೇಳಿ ನಾನು ತಂಬೂರಿಗೆ ಹೊಸ ತಂತಿ ಕಟ್ಟಿಸಿದೆ. ಅವರು ಬಂದರು: ಸಣಕಲು ಮನುಷ್ಯ, ನಮ್ಮ ಚಳಿಗೆ ಎರಡು ಶಾಲು ಹೊದ್ದುಕೊಂಡು. ಕೋಣೆಗೆ ಬಂದವರೇ ಹಾರ್ಮೋನಿಯಂ ನೋಡಿ, ಹೆಗ್ಗಣ ಕಂಡ ಹಾಗೆ ಮುಖ ಮಾಡಿದರು. "ಆ ಹಾಳು ಪೆಟ್ಟಿಗೆ ಮುಚ್ಚಿಡಿ. ಸಂಗೀತವನ್ನು ಕೊಂದದ್ದೇ ಅದು." ನನಗೆ ಕಾಲಿಗೆ ಬೀಳೋಣ ಎನಿಸಿತು.

"ಮಕ್ಕಳೇ, ಕಲ್ಯಾಣಿಯಲ್ಲಿ ಏನಾದರೂ ಹಾಡಿ," ಎಂದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

"ಕಲಿಸಿಲ್ಲವೇನಮ್ಮ?"

"ಇಲ್ಲ ಸಾರ್. ಪೆಟ್ಟಿಗೆಯ ಪ್ರತಿ ಮಧ್ಯಮ ಕಲಿಸಬಾರದು ಅಂತ ಆ ರಾಗವನ್ನೇ ಬಿಟ್ಟಿದ್ದೀನಿ."

ಅವರ ಕಣ್ಣು ಅರಳಿತು. "ಭೇಷ್! ಈ ಕಾಡಿನಲ್ಲಿ ಇಂಥ ಮಾತು ಕೇಳುತ್ತೇನೆ ಅಂತ ಅಂದುಕೊಂಡಿರಲಿಲ್ಲ. ಹಾಗಾದರೆ ನಿಮ್ಮ ಮಧ್ಯಮವನ್ನೇ ಕೇಳೋಣ." ತಾವೇ ತಂಬೂರಿ ತೆಗೆದುಕೊಂಡು ಶ್ರುತಿ ಮಾಡಿ ಕಣ್ಣು ಮುಚ್ಚಿ ಕೂತರು.

ಇಷ್ಟು ವರ್ಷ ನಾನು ಕಾದಿದ್ದ ಕಿವಿ ಅದು. ಸ ಹಿಡಿದೆ, ರಿ ಹಿಡಿದೆ, ಗ ದಲ್ಲಿ ತುಸು ನಿಂತು ಮ ಕ್ಕೆ ಕಾಲಿಟ್ಟೆ. ಸಲೀಸಾಗಿ ಬಂತು, ಗಟ್ಟಿಯಾಗಿ ಬಂತು. ಎದೆಯಲ್ಲಿ ಗುಂಯ್ ಎನ್ನಲಿಲ್ಲ. ಇನ್‌ಸ್ಪೆಕ್ಟರು ಕಣ್ಣು ತೆರೆದರು.

"ತುಸು ಏರಿತಲ್ಲಮ್ಮ. ಇಳಿಸಿ."

ಇಳಿಸಿದೆ. ತೀರಾ ಇಳಿಯಿತು. ಏರಿಸಿದೆ. ನೇರ ಹೋಗಿ ಆ ಕರಿಮನೆಯ ಮೇಲೇ ಕೂತಿತು. ಇನ್ನೊಮ್ಮೆ ಎಂದರು, ಇನ್ನೊಮ್ಮೆಯೂ ಅಲ್ಲೇ. ನನ್ನ ಬೆರಳು ವರ್ಷಗಟ್ಟಲೆ ಒತ್ತಿದ್ದನ್ನು ಗಂಟಲು ಕೇಳಿಸಿಕೊಂಡು ಕಲಿತುಬಿಟ್ಟಿತ್ತು. ಹುಡುಗಿಯರೆಲ್ಲ ಎದುರಿಗೆ ಕೂತಿದ್ದರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಕತ್ತಲೆಯಲ್ಲಿ ನಮ್ಮ ಮನೆಯ ಮೆಟ್ಟಿಲೇ ಕಾಲಿಗೆ ಸಿಗದಿದ್ದರೆ ಆಗುವಂಥ ಹೆದರಿಕೆ.

ಅವರು ಒಳ್ಳೆಯವರೇ. ತಂಬೂರಿಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದರು. "ಕೆಲಸದ ಬಗ್ಗೆ ಯೋಚನೆ ಮಾಡಬೇಡಿ, ಖಾಯಂ ಮಾಡಲು ಬರೆಯುತ್ತೇನೆ," ಎಂದರು. ಎದ್ದು ಶಾಲು ಸರಿಮಾಡಿಕೊಳ್ಳುತ್ತ ಹೆಡ್‌ಮಿಸ್ಟ್ರೆಸ್ಸರಿಗೆ ಹೇಳಿದರು: "ಹೆಣ್ಣುಮಕ್ಕಳ ಶಾಲೆಗೆ ಇಷ್ಟು ಸಾಕು."

ಮನೆಗೆ ಬಂದು ಹೇಳಿದಾಗ ಅಪ್ಪ ದೇವರ ಮುಂದೆ ದೀಪ ಹಚ್ಚಿದರು. ನಾನು ಅತ್ತೆ. ಸಂತೋಷಕ್ಕೆ ಅಳ್ತಾ ಅವಳೆ ಎಂದು ಅಪ್ಪ ಅಕ್ಕಪಕ್ಕದವರಿಗೆ ಸಕ್ಕರೆ ಹಂಚಿದರು. ತಿದ್ದಲು ಹೋಗಲಿಲ್ಲ, ಅವರ ಸಂತೋಷವಂತೂ ನಿಜವಾಗಿತ್ತು.

ಆ ಕೆಲಸದಲ್ಲೇ ನಿವೃತ್ತಳಾದೆ. ಅಪ್ಪನನ್ನು ಕೊನೆಯವರೆಗೂ ಚೆನ್ನಾಗಿ ನೋಡಿಕೊಂಡೆ, ಯಾರ ಮನೆಯ ಹಸುವಿನ ಮುಂದೂ ಹಾಡಲಿಲ್ಲ. ಮತ್ತೆ ಆರಿಸು ಎಂದರೆ ಆ ಕೋಣೆಯಲ್ಲಿ ಮತ್ತೆ ಒಪ್ಪುತ್ತೇನೆ, ಬೈದುಕೊಂಡೇ ಒಪ್ಪುತ್ತೇನೆ. ಈಗ ಬೆಳಿಗ್ಗೆ ತಂಬೂರಿ ಹಿಡಿದು ಕೂರುತ್ತೇನೆ. ಕೆಲವು ದಿನ ಮ ಅಲ್ಲಿಗೇ ಬಂತು ಎನಿಸುತ್ತದೆ. ನಿಜವಾಗಿ ಬಂತೋ, ಬಂತೆಂದು ಕಿವಿ ಸಮಾಧಾನ ಹೇಳುತ್ತಿದೆಯೋ ನನಗೆ ತಿಳಿಯುವುದಿಲ್ಲ. ಯಾರನ್ನಾದರೂ ಕರೆದು ಕೇಳಿಸಿ, ಸರಿ ಇದೆಯಾ ಎಂದು ಕೇಳೋಣವೆಂದರೆ, ಈ ಊರಿನಲ್ಲಿ ಹಾಡು ಬರುವವರೆಲ್ಲ ನನ್ನ ಹುಡುಗಿಯರೇ. ಅವರಿಗೆ ನಾನು ಆ ಸ್ವರ ಕಲಿಸಿಲ್ಲ.